ಗಾಜಿನ ತೊಟ್ಟಿಯ ಹವಳ

ವಿದೇಶಗಳಲ್ಲಿ ಮನೆಯ ಶೋಭೆಗಾಗಿ ಜೀವಂತ ಹವಳದ ತೊಟ್ಟಿಯನ್ನಿಡುವ ರೂಢಿ ಬೆಳೆದಿದೆ. ಅಲ್ಲಿ ನೆಲೆಸಿದ ನಮ್ಮವರೂ ಇದಕ್ಕೆ ಹೊರತಲ್ಲ. ‘ಅದು ಕಲ್ಲಷ್ಟೆ, ಹಿಂಸೆಯೆಲ್ಲಿ?’ ಎಂಬ ಮಾತು ಶ್ರಾವಕರ ಬಾಯಲ್ಲಿ ಶೋಭಿಸದು. ನಮ್ಮ ಪ್ರಾಚೀನರು ಹವಳವನ್ನು ಪೃಥ್ವೀಕಾಯಿಕ ಜೀವಗಳಲ್ಲಿ ಎಣಿಸಿದರು. ಇಂದಿನ ಪ್ರಾಣಿಶಾಸ್ತ್ರವು ಅದನ್ನು ಬಾಯಿಯೂ ಸ್ಪರ್ಶಾಂಗಗಳೂ ಉಳ್ಳ ಕಿರುಪ್ರಾಣಿಗಳ ಸಮೂಹವೆನ್ನುತ್ತದೆ. ಯಾವ ಲೆಕ್ಕದಲ್ಲಿಯೂ ಅದು ಜಡವಲ್ಲ.

ಇಲ್ಲಿ ಹಿಂಸೆಯ ಮೂಲ ಅವಸರ. ಉಪ್ಪುನೀರು ತುಂಬಿದ ವಾರದೊಳಗೇ ಹವಳವನ್ನು ತರುತ್ತಾರೆ. ಕೊಳೆತ ಪದಾರ್ಥದಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೈಟ್ ಆಗಿಯೂ ಬಳಿಕ ನೈಟ್ರೇಟ್ ಆಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಪರೀಕ್ಷೆಯಲ್ಲಿ ಮೊದಲಿನವೆರಡೂ ಶೂನ್ಯವಾಗಿ, ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸ್ಥಿರವಾಗಿ ನಿಲ್ಲುವ ಮುನ್ನ ಹವಳವನ್ನಿಳಿಸುವುದು ತಿಳಿದೂ ಕೊಲ್ಲುವುದೇ ಸರಿ. ಅನಂತರವೂ ಚೀಲವನ್ನು ತೊಟ್ಟಿಯಲ್ಲಿ ತೇಲಿಬಿಟ್ಟು ಉಷ್ಣತೆಯನ್ನು ಸರಿದೂಗಿಸಬೇಕು. ತೊಟ್ಟಿಯ ನೀರನ್ನು ಹನಿಹನಿಯಾಗಿ ಬೆರೆಸಬೇಕು. ಮೊದಲ ದಿನಗಳಲ್ಲಿ ಬೆಳಕನ್ನು ತಗ್ಗಿಸಬೇಕು. ಪ್ರಖರ ಬೆಳಕು ಒಮ್ಮೆಲೇ ಬಿದ್ದರೆ ಹವಳವು ತನ್ನನ್ನು ಪೋಷಿಸುವ ಪಾಚಿಯನ್ನೇ ಹೊರಹಾಕಿ ಬಿಳಿಚಿಕೊಳ್ಳುತ್ತದೆ. (ಕೀಟನಿವಾರಣೆಗೆಂದು ಔಷಧದ್ರವದಲ್ಲಿ ಅದ್ದುವಾಗ ಸಾಯುವ ಹುಳುಗಳ ಲೆಕ್ಕವನ್ನು ಯಾರೂ ಬರೆಯುವುದಿಲ್ಲ.) ಇಷ್ಟು ತಾಳ್ಮೆಯಿಲ್ಲದವನು ಸತ್ತದ್ದನ್ನು ನಷ್ಟದ ಖಾತೆಗೆ ಬರೆದು ಇನ್ನೊಂದನ್ನು ಕೊಳ್ಳುವುದಕ್ಕೆ ಹವ್ಯಾಸವೆಂಬ ಹೆಸರೇಕೆ?

ಭಾರತದಲ್ಲಿರುವವರಿಗಂತೂ, ಮನೆಯಿರಲಿ, ಬಸದಿಯ ಅತಿಥಿಗೃಹವಿರಲಿ, ಈ ಆಸೆಯೇ ಸಲ್ಲದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಹವಳಗಳು ಸೇರಿದವು. ನೋಡುವ ಹಂಬಲವುಳ್ಳವರಿಗೆ ಮುರ್ಡೇಶ್ವರದಾಚೆ ನೇತ್ರಾಣಿ ದ್ವೀಪವಿದೆ. ಅಲ್ಲಿ ಹವಳವು ತನ್ನ ನೀರಿನಲ್ಲಿಯೇ ಇದೆ.