ಗೂಡು ನೋಡಿ, ಆಮೇಲೆ ಸ್ಪ್ರೇ ಮಾಡಿ

ಬಿಳೇಕಹಳ್ಳಿಯಿಂದ ಜಿಗಣಿ ಕಡೆಯ ತೋಟಕ್ಕೆ ಹೋದಾಗ ನಾನು ಮೊದಲು ನೋಡೋದು ಬಾವಿ ಪಕ್ಕದ ಈಚಲು ಮರದ ಗೀಜಗನ ಗೂಡುಗಳನ್ನ. ಗೀಜಗ ರಾಗಿ ತಿನ್ನುತ್ತೆ, ನಿಜ. ಆದರೆ ಮುಂಗಾರಲ್ಲಿ ಮರಿಗಳಿಗೆ ಹುಳು, ಮಿಡತೆ ತಿನ್ನಿಸುತ್ತೆ. ಆಗ ಔಷಧಿ ಹೊಡೆದರೆ ಪುಕ್ಕಟೆ ಆಳನ್ನ ನಾವೇ ಓಡಿಸಿದ ಹಾಗೆ.

ಇಂಗ್ಲೆಂಡಿನ ವೈಥಮ್ ಕಾಡಲ್ಲಿ 1947ರಿಂದ ಗ್ರೇಟ್ ಟಿಟ್ ಹಕ್ಕಿ ಮೊಟ್ಟೆಯಿಡೋ ದಿನ ಬರೆದಿಡ್ತಿದ್ದಾರೆ. ಅದರ ಮೇಲೆ ಎಷ್ಟೋ ಪಿಎಚ್‌.ಡಿ. ಆಗಿವೆ. ಬಿಸಿ ಏರಿ ಕಂಬಳಿಹುಳ ಬೇಗ ಬರ್ತಿರೋದಕ್ಕೆ ಮೊಟ್ಟೆಯೂ ಎರಡು ವಾರಕ್ಕಿಂತ ಮುಂಚೆ ಬರ್ತಿದೆ. ನಮ್ಮ ಗೀಜಗನ ಲೆಕ್ಕ ಮಳೆ ಮೇಲೆ. ಮಳೆ ತಡವಾದರೆ ಗೂಡೂ ತಡ. ಹಾಗಾಗಿ ಕ್ಯಾಲೆಂಡರ್ ನೋಡಿ ಸ್ಪ್ರೇ ಮಾಡೋದು ತಪ್ಪು ಅಂತೀನಿ.

ಮೊದಲ ಗೂಡು ಕಂಡ ದಿನ ಮೊಬೈಲಲ್ಲಿ ಫೋಟೋ ತೆಗೀರಿ. ಹಕ್ಕಿ ಕೊಕ್ಕಲ್ಲಿ ಹುಳು ತರ್ತಿರೋವರೆಗೆ ಪಂಪು ಕೆಳಗಿಡಿ, ಬೇವಿನೆಣ್ಣೆ ಆದ್ರೂ ಸರಿ.