ಗುಡ್ಡವನ್ನೊಡೆದು ಚಿತ್ರ ಉಳಿಸಲಾದೀತೇ?

ಬಂಡೆಗಳ ಮೇಲಿನ ಪ್ರಾಚೀನ ಚಿತ್ರಗಳ ಛಾಯಾಚಿತ್ರ ತೆಗೆದಿಟ್ಟರೆ ಸಾಕು, ಆಯ್ದ ಕೆಲವು ಕಲ್ಲುಗಳನ್ನು ವಸ್ತುಸಂಗ್ರಹಾಲಯಕ್ಕೆ ಸಾಗಿಸಿದರೆ ಸಾಕು, ಮಿಕ್ಕ ಗುಡ್ಡವನ್ನು ಜಲ್ಲಿಗೆ ಬಿಟ್ಟುಕೊಡಬಹುದು ಎಂಬ ವಾದ ಅಭಿವೃದ್ಧಿಯ ಹೆಸರಿನಲ್ಲಿ ಆಗಾಗ ಕೇಳಿಬರುತ್ತದೆ. ಈ ವಾದ ಎಷ್ಟು ಪೊಳ್ಳೆಂಬುದಕ್ಕೆ ಬಳ್ಳಾರಿ ಸಮೀಪದ ಸಂಗನಕಲ್ಲು–ಕಪ್ಪಗಲ್ಲು ಪ್ರದೇಶದ ಹಿರೇಗುಡ್ಡವೇ ಸಾಕ್ಷಿ.

ದಕ್ಷಿಣ ಭಾರತದ ನವಶಿಲಾಯುಗ ಆರಂಭವಾದದ್ದು ಸುಮಾರು 5000 ವರ್ಷಗಳ ಹಿಂದೆ. ಆ ಯುಗದ ದನಗಾಹಿ ರೈತರು ಈ ಗುಡ್ಡದಲ್ಲಿ ನೆಲೆಸಿದ್ದರು. ಇಲ್ಲಿನ ಗ್ರಾನೈಟ್ ಬಂಡೆಗಳನ್ನು ಸೀಳಿಕೊಂಡು ಡೊಲರೈಟ್ ಎಂಬ ಕಪ್ಪು ಶಿಲೆಯ ಪಟ್ಟಿಯೊಂದು ಹಾದುಹೋಗಿದೆ. ಅದೇ ಶಿಲೆಯಿಂದ ಅವರು ಕೊಡಲಿಗಳನ್ನು ರೂಪಿಸಿದರು. ಅದೇ ಶಿಲೆಯ ಮೇಲೆ ನೀಳ ಕೊಂಬಿನ ದನಗಳನ್ನೂ ಮನುಷ್ಯರನ್ನೂ ಕುಟ್ಟಿ ಮೂಡಿಸಿದರು. ಕೆಲವು ಚಿತ್ರಗಳಿರುವುದು ಸುಲಭವಾಗಿ ನಿಲ್ಲಲೂ ಆಗದ ಎಡೆಗಳಲ್ಲಿ. ಕೆಲವು ಬಂಡೆಗಳಲ್ಲಿ ಬಡಿದು ಬಡಿದು ಬಟ್ಟಲಿನಂಥ ಕುಳಿಗಳಾಗಿವೆ. ಅಲ್ಲಿ ಕಲ್ಲಿನಿಂದ ತಟ್ಟಿದರೆ ಜಾಗಟೆಯಂಥ ನಾದ ಹೊಮ್ಮುತ್ತದೆ. ಸಮೀಪದಲ್ಲೇ ಸಗಣಿಯನ್ನು ರಾಶಿ ಹಾಕಿ ಸುಟ್ಟುದರಿಂದಾದ ಬೂದಿದಿಬ್ಬವಿದೆ.

ಆ ಜನರ ದೇವರುಗಳ ಹೆಸರು ಉಳಿದಿಲ್ಲ. ಸೃಷ್ಟಿಯ ಬಗ್ಗೆ ಅವರು ಹೇಳಿಕೊಂಡ ಕಥೆಯೂ ಉಳಿದಿಲ್ಲ. ಉಳಿದಿರುವುದು ಅವರು ಯಾವ ಕಲ್ಲನ್ನು ಆರಿಸಿಕೊಂಡರು, ಎಲ್ಲಿಗೆ ಹತ್ತಿದರು, ಎಲ್ಲಿ ನಾದ ಹೊರಡಿಸಿದರು ಎಂಬುದಷ್ಟೇ. ಅವರ ಶ್ರದ್ಧೆಯನ್ನು ಊಹಿಸಲು ಇರುವ ಏಕೈಕ ಗ್ರಂಥ ಆ ಗುಡ್ಡ. ಕಿತ್ತು ತಂದ ಕಲ್ಲಿನಲ್ಲಿ ದನದ ಆಕಾರ ಇದ್ದೀತು. ಕಪ್ಪು ಪಟ್ಟಿಯ ನಂಟಾಗಲಿ, ಏರಿ ನಿಂತ ಎತ್ತರವಾಗಲಿ ಇರದು.

ಈ ಚಿತ್ರಗಳ ಕುರಿತು ಫಾಸೆಟ್ ಬರೆದದ್ದು 1892ರಲ್ಲಿ. 2004ರಲ್ಲಿ ಸಂಶೋಧಕಿ ನಿಕೋಲ್ ಬೊವಾನ್ ಅವುಗಳ ಅಧ್ಯಯನ ಪ್ರಕಟಿಸಿದಾಗ ಕಲ್ಲುಗಣಿಗಾರಿಕೆಯ ಅಪಾಯವನ್ನೂ ಎತ್ತಿ ಹೇಳಬೇಕಾಯಿತು. ಸಾವಿರಾರು ವರ್ಷಗಳ ಬಿಸಿಲು ಮಳೆ ಅಳಿಸದ ಗೆರೆಗಳಿಗೆ ಒಂದು ಸಿಡಿಮದ್ದಿನ ಕುಳಿ ಸಾಕು.

ಕಾನೂನಿಲ್ಲವೆಂದಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿ, ರಾಷ್ಟ್ರೀಯ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯವನ್ನೂ ಅದರಾಚೆ 200 ಮೀಟರ್ ನಿಯಂತ್ರಿತ ವಲಯವನ್ನೂ ವಿಧಿಸುತ್ತದೆ. ಆದರೆ ಆ ಪಟ್ಟಿಗೆ ಸೇರದ ಗುಡ್ಡಕ್ಕೆ ಈ ಅಭಯವೂ ಇಲ್ಲ. ಸೇರಿದರೂ ಅಳತೆಯ ಟೇಪು ಗೋಡೆ ಗೋಪುರಗಳಿಗೆ ತಕ್ಕದ್ದು. ಬೆಟ್ಟದುದ್ದಕ್ಕೂ ಹರಡಿದ ಚಿತ್ರಗಳಿಗೆ ಬೆಟ್ಟವೇ ಗಡಿಯಾಗಬೇಕು.

ಆದುದರಿಂದ ಚಿತ್ರವಿರುವ ಗುಡ್ಡವನ್ನು ಇಡಿಯಾಗಿ ಸಂರಕ್ಷಿಸಬೇಕು. ಸಮೀಕ್ಷೆ ಮುಗಿಯುವವರೆಗೆ ಅಲ್ಲಿ ಗಣಿ ಗುತ್ತಿಗೆ ಕೊಡಕೂಡದು. ಬೆಟ್ಟದೂರುಗಳ ಗ್ರಾಮಸಭೆಗಳು ಈ ಠರಾವನ್ನು ಇಂದೇ ಬರೆಯಲಿ. ವಿದ್ಯಾರ್ಥಿಗಳು ತಮ್ಮೂರಿನ ಬಂಡೆಗಳ ಗುರುತುಗಳನ್ನು ಮುಟ್ಟದೆ, ಸುಣ್ಣ ಬಳಿಯದೆ ದಾಖಲಿಸಲಿ. ಜಲ್ಲಿಯಾದ ಬೆಟ್ಟಕ್ಕೆ ಯಾವ ನ್ಯಾಯಾಲಯವೂ ಜೀವ ಕೊಡಲಾರದು.