ಗುಳಿಗೆಗಾಗಿ ದೂರದ ಊರಿಗೆ

ಎಚ್‌ಐವಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಗುಳಿಗೆ ಸಿಗುತ್ತದೆ. ಆದರೂ ತಮ್ಮ ಜಿಲ್ಲೆಯ ಎಆರ್‌ಟಿ (ಎಚ್‌ಐವಿ ಚಿಕಿತ್ಸಾ) ಕೇಂದ್ರ ಬಿಟ್ಟು, ಬಸ್ಸು ಹತ್ತಿ, ಗುರುತಿನವರಿಲ್ಲದ ಊರಿನಲ್ಲಿ ಹೆಸರು ಬರೆಸುವವರು ಕರ್ನಾಟಕದ ಎಲ್ಲ ಕಡೆ ಇದ್ದಾರೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಂಥ ಊರುಗಳನ್ನು ಬಲ್ಲವರಿಗೆ ಕಾರಣ ಬಿಡಿಸಿ ಹೇಳಬೇಕಿಲ್ಲ. ಸಂತೆಗೆ ಹೋದರೆ ಬೀಗರು ಸಿಗುತ್ತಾರೆ, ಆಸ್ಪತ್ರೆಗೆ ಹೋದರೆ ಓಣಿಯವರು. ‘ಏನವಾ, ಇಲ್ಲ್ಯಾಕ ನಿಂತಿ?’ ಎಂಬ ಮಾತು ಅಕ್ಕರೆಯದೇ ಇರಬಹುದು. ಅದಕ್ಕೆ ಉತ್ತರ ಕೊಡಲಾರದವಳು ಮುಂದಿನ ತಿಂಗಳು ಆ ಸಾಲಿಗೆ ಬರುವುದಿಲ್ಲ. ಗುಳಿಗೆ ತಪ್ಪುತ್ತದೆ. ತಪ್ಪಿದರೆ ವೈರಸ್ ಮತ್ತೆ ಹೆಚ್ಚುತ್ತದೆ.

ಈ ಅಂಜಿಕೆ ಹುಟ್ಟಿದ ಬಗೆಯನ್ನೂ ನೋಡಬೇಕು. 1986ರಲ್ಲಿ ಚೆನ್ನೈನಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಭಾರತದಲ್ಲಿ ಮೊದಲ ಬಾರಿಗೆ ಎಚ್‌ಐವಿಯನ್ನು ಪತ್ತೆಹಚ್ಚಿದ್ದು ಲೈಂಗಿಕ ವೃತ್ತಿಯ ಹೆಣ್ಣುಮಕ್ಕಳ ರಕ್ತದಲ್ಲಿ. ಅಂದಿನಿಂದ ಇದು ‘ಅಂಥವರ’ ಕಾಯಿಲೆಯಾಯಿತು. ಹಾವೇರಿ, ರಾಣೆಬೆನ್ನೂರುಗಳನ್ನು ಹಾದುಹೋಗುವ ಪುಣೆ–ಬೆಂಗಳೂರು ಹೆದ್ದಾರಿಯ ಲಾರಿ ಚಾಲಕರ ಮೇಲೂ ಅದೇ ಆರೋಪ ಬಿತ್ತು. ಹೊಸ್ತಿಲಾಚೆ ಬೊಟ್ಟು ಮಾಡುತ್ತ ನಾವು ಹೊಸ್ತಿಲೊಳಗೆ ನೋಡಲಿಲ್ಲ. ಗಂಡನಿಂದ ಸೋಂಕು ತಗುಲಿಸಿಕೊಂಡು, ಅವನು ತೀರಿದ ಮೇಲೆ ‘ಇದನ್ನು ತಂದವಳು ನೀನೇ’ ಎನ್ನಿಸಿಕೊಂಡು, ಹೊಲದ ಪಾಲೂ ಸಿಗದೆ ತವರಿಗೆ ಮರಳಿದ ಹೆಣ್ಣುಮಕ್ಕಳಿಗಾದ ಅನ್ಯಾಯಕ್ಕೆ ಸಾಕ್ಷಿಗಳೇ ಇಲ್ಲದಂತಾಯಿತು.

ಈ ನಡುವೆ ವೈದ್ಯಶಾಸ್ತ್ರ ಬಹಳ ಮುಂದೆ ಹೋಗಿದೆ. 2004ರ ಏಪ್ರಿಲ್ 1ರಿಂದ ಸರ್ಕಾರ ಉಚಿತ ಎಆರ್‌ಟಿ ಚಿಕಿತ್ಸೆ ಆರಂಭಿಸಿತು. 2017ರಿಂದ, ಸೋಂಕು ಖಚಿತವಾದ ಪ್ರತಿಯೊಬ್ಬರಿಗೂ ರಕ್ತದ ಸಿಡಿ4 ಕಣಗಳ ಎಣಿಕೆ ತಗ್ಗಲೆಂದು ಕಾಯದೆ ಚಿಕಿತ್ಸೆ ಕೊಡುವ ನೀತಿ ಬಂತು. ಈಗ ಹೆಚ್ಚಿನವರಿಗೆ ದಿನಕ್ಕೊಂದೇ ಗುಳಿಗೆ. ತಪ್ಪದೆ ನುಂಗಿ, ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ತಗ್ಗಿದ ಸ್ಥಿತಿಯಲ್ಲೇ ಉಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸಂಗಾತಿಗೆ ಸೋಂಕು ದಾಟುವುದಿಲ್ಲ. ಚಿಕಿತ್ಸೆಯೇ ಇಲ್ಲದಿದ್ದರೆ ಸೋಂಕಿತ ತಾಯಂದಿರ ನೂರು ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ತಗಲುವ ಅಪಾಯವಿದೆ. ಚಿಕಿತ್ಸೆಯಿದ್ದರೆ ಅದನ್ನು ಐದಕ್ಕಿಂತ ಕೆಳಗೆ ಇಳಿಸಬಹುದು. ಕಾಂಡೋಮ್ ಹೇಗೂ ಇದೆ. ಸೋಂಕು ತಗುಲಿರಬಹುದೆಂಬ ಅನುಮಾನವಿದ್ದರೆ, ಆ ಸಂಪರ್ಕವಾದ 72 ಗಂಟೆಯೊಳಗೆ ಆರಂಭಿಸಿ 28 ದಿನ ನುಂಗುವ ತಡೆ ಔಷಧವೂ ಇದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತುಂಬು ಬಿಡಿಸುವ ಹೆಂಗಸರ ಸಾಲಿನಲ್ಲಿ ಯಾರ ಪಕ್ಕ ಯಾರು ಕೂತರೂ, ಒಂದೇ ಬುತ್ತಿಯ ರೊಟ್ಟಿ ಹಂಚಿಕೊಂಡರೂ, ಇದು ಅಂಟುವುದಿಲ್ಲ.

ಕಾನೂನೂ ಬಂದಿದೆ. 2017ರಲ್ಲಿ ಸಂಸತ್ತು ಒಪ್ಪಿದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕಿನ ಕಾರಣಕ್ಕೆ ಕೆಲಸದಿಂದ ತೆಗೆಯುವುದು, ಶಾಲೆಗೆ ಸೇರಿಸದಿರುವುದು, ಬಾಡಿಗೆ ಮನೆ ಕೊಡದಿರುವುದು ತಪ್ಪು. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ. ದ್ವೇಷ ಹರಡಿದವರಿಗೆ ಎರಡು ವರ್ಷದವರೆಗೂ ಜೈಲು. ಇವುಗಳ ನಡುವೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ಒಂದು ಕಲಮು. ಏಡ್ಸ್ ಬಾಧಿತ ಮನೆಯನ್ನು ನಿಭಾಯಿಸುತ್ತಿರುವ, ತಿಳಿವಳಿಕೆ ಬಂದ 12ರಿಂದ 18 ವರ್ಷದೊಳಗಿನ ಅಕ್ಕ ಅಥವಾ ಅಣ್ಣ, ತಮ್ಮ ತಂಗಿಯರಿಗೆ ಪೋಷಕರಾಗಬಹುದು. ಶಾಲೆಗೆ ಸೇರಿಸಬಹುದು, ಬ್ಯಾಂಕ್ ಖಾತೆ ನೋಡಿಕೊಳ್ಳಬಹುದು. ಹನ್ನೆರಡರ ಹುಡುಗಿ ಮನೆಯ ಯಜಮಾನಿಯಾಗಬೇಕಾದ ಮನೆಗಳು ಈ ದೇಶದಲ್ಲಿವೆ ಎಂದು ಕಾನೂನು ಬರೆದವರಿಗೆ ಗೊತ್ತಿತ್ತು. ಕಥೆ ಬರೆಯುವ ನಮಗೆ ಅವಳು ಕಾಣಲೇ ಇಲ್ಲವಲ್ಲ!

ನಮ್ಮ ಕಥೆ, ನಾಟಕಗಳಲ್ಲಿ ಎಚ್‌ಐವಿ ಬಂದ ಪಾತ್ರ ಸಾಮಾನ್ಯವಾಗಿ ಪಾಪಕ್ಕೆ ದಂಡ ತೆತ್ತು, ಕೊನೆಯ ದೃಶ್ಯದಲ್ಲಿ ಸಾಯುತ್ತದೆ. ಔಷಧವೇ ಇಲ್ಲದ ಕಾಲದಲ್ಲಿ ಆ ಸಾವು ನಿಜವಿತ್ತು. ಪಾಪದ ಮಾತು ಆಗಲೂ ಸುಳ್ಳು. ಬೀದಿನಾಟಕ ಆಡುವ ಗೆಳೆಯರೂ ಇದನ್ನು ಯೋಚಿಸಬೇಕೆಂದು ನನ್ನ ಒತ್ತಾಯ: ಹೆದರಿಸಿ ಕಳಿಸಿದ ಪ್ರೇಕ್ಷಕ ಪರೀಕ್ಷೆಗೆ ಹೋಗುವುದಿಲ್ಲ.

ಗುಳಿಗೆ ನುಂಗಿ ದುಡಿಮೆಗೆ ಹೋಗುವ, ಮಗಳ ಮದುವೆಯ ಖರ್ಚು ಲೆಕ್ಕ ಹಾಕುವ, ಮಗ್ಗಿ ತಪ್ಪಿದ ತಮ್ಮನನ್ನು ಗದರುವ ಮಂದಿಯ ಕಥೆಗಳು ಈ ಪತ್ರಿಕೆಗೆ ಬೇಕು. ಬದುಕಿದವರೇ ಬರೆದರೆ ಇನ್ನೂ ಒಳ್ಳೆಯದು. ಹೆಸರು, ಊರು ಬೇಡವೆಂದರೆ ಅಚ್ಚಾಗುವುದಿಲ್ಲ. ಮೊದಲು ಯಾರೊಡನೆಯಾದರೂ ಮಾತಾಡಬೇಕೆನ್ನುವವರಿಗೆ ಸರ್ಕಾರದ ಉಚಿತ ಸಹಾಯವಾಣಿ 1097 ಇದೆ. ಅಲ್ಲಿ ಆಡಿದ ಮಾತು ಗುಟ್ಟಾಗಿರುತ್ತದೆ.